ಗುಜರಿಗೆ ಹಾಕುವ ಮೊದಲು

ಏನು ಮಾರಾಯ್ರೆ, ಟ್ರೆಡ್‌ಮಿಲ್ಲನ್ನು ಜಗಲಿಗೆ ತಂದು ಹಾಕಿದ್ದೀರಿ? ಗುಜರಿಯವನಿಗೆ ಹೇಳಿ ಆಯ್ತಾ? ಒಂದು ನಿಮಿಷ ನಿಲ್ಲಿ, ಈ ದಾಸವಾಳದ ಗೆಲ್ಲೊಂದು ಸವರಿ ಬಂದೆ.

ಹೋದ ವರ್ಷ ನಮ್ಮದೂ ಹೀಗೇ ಆಗಿತ್ತು. ಕಾಲಿಟ್ಟ ಕೂಡಲೇ ಬೆಲ್ಟು ತಡೆದು ತಡೆದು ಓಡುವುದು, ಐದು ನಿಮಿಷಕ್ಕೆ ರಬ್ಬರ್ ಸುಟ್ಟ ವಾಸನೆ. ನಾನು ಏನು ಮಾಡಿದೆ ಗೊತ್ತುಂಟಾ, ಬಾಗಿಲ ತಿರುಗಣಿಗೆ ಹಾಕುವ ಹಾಗೆ ತೆಂಗಿನೆಣ್ಣೆ ಹೊಯ್ದೆ. ಎರಡು ವಾರಕ್ಕೆ ಎಣ್ಣೆ ಅಂಟಾಗಿ, ಧೂಳೆಲ್ಲ ಹಿಡಿದು ಬೆಲ್ಟು ಇನ್ನೂ ಬಿಗಿಯಾಯ್ತು. ಅದಕ್ಕೆ ಸಿಲಿಕೋನ್ ಎಣ್ಣೆಯೇ ಆಗಬೇಕು. ಬೆಲ್ಟಿನ ಅಂಚು ಎತ್ತಿ, ಒಳಗಿನ ಹಲಗೆಗೆ ಒಂದೊಂದು ಬದಿಗೆ ಎರಡೆರಡು ಚಮಚ ಹಾಕಿ, ಯಾರೂ ಹತ್ತದೆ ನಿಧಾನಕ್ಕೆ ಐದು ನಿಮಿಷ ಓಡಿಸಿದರೆ ಸಾಕು.

ತಪ್ಪು ಮೋಟಾರಿನದ್ದಲ್ಲ. ಹಲಗೆ ಒಣಗಿದಾಗ ಬೆಲ್ಟು ಉಜ್ಜುತ್ತದೆ. ಅದನ್ನು ಎಳೆಯಲಿಕ್ಕೆ ಮೋಟಾರು ಹೆಚ್ಚು ಕರೆಂಟು ತಿನ್ನುತ್ತದೆ. ಆ ಬಿಸಿಗೆ ಕೊನೆಗೆ ಸುಡುವುದು ಕಂಟ್ರೋಲ್ ಬೋರ್ಡು. ಎಣ್ಣೆಯಲ್ಲಿ ಮುಗಿಯುವ ಕೆಲಸಕ್ಕೆ ನಾವು ಹೊಸ ಬೋರ್ಡಿನ ದುಡ್ಡು ಕೊಡುವುದು!

ನಮ್ಮದರ ಬೆಲ್ಟು ಬಿಚ್ಚಿದಾಗ ಕಪ್ಪು ಹುಡಿ ಒಂದು ಹಿಡಿ ಸಿಕ್ಕಿತು. ಹಲಗೆಯಲ್ಲಿ ಪಾದ ಬೀಳುವ ಎರಡು ಕಡೆ ಹೊಳಪು ಹೋಗಿ ಬೆಳ್ಳಗಿನ ಕಲೆ. ಅತ್ತೆಯವರ ಬಲಗಾಲಿನ ಕಲೆ ದೊಡ್ಡದು, ಮಂಡಿ ನೋವಿಗೆ ಆ ಕಡೆಗೇ ಭಾರ ಬಿಡ್ತಿದ್ದರು ಅಂತ ಆವತ್ತು ಗೊತ್ತಾಯ್ತು. ನಮ್ಮ ಹಲಗೆಗೆ ಎರಡೂ ಬದಿ ಒಂದೇ ನುಣುಪು ಇತ್ತು, ಮಗುಚಿ ಹಾಕಿದೆವು. ಎಲ್ಲ ಮಿಷಿನಿನಲ್ಲಿ ಹಾಗೆ ಇರುವುದಿಲ್ಲ, ನಿಮ್ಮದನ್ನು ಬಿಚ್ಚಿಯೇ ನೋಡಬೇಕು.

ಇಷ್ಟು ಯಾಕೆ ಹೇಳ್ತೇನೆ ಅಂದ್ರೆ, ನೆಲ್ಯಾಡಿಯಲ್ಲಿ ಇದು ಶೋಕಿಯ ಸಾಮಾನು ಅಲ್ಲ. ಶುಗರ್ ಇದೆ, ದಿನಾ ಅರ್ಧ ಗಂಟೆ ನಡೀರಿ ಅಂತಾರೆ ಡಾಕ್ಟ್ರು. ಎಲ್ಲಿ ನಡೆಯುವುದು? ಹೆದ್ದಾರಿಗೆ ಇಳಿದರೆ ಶಿರಾಡಿ ಘಾಟಿಯ ಲಾರಿ, ಗ್ಯಾಸ್ ಟ್ಯಾಂಕರು. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದ ದಾರಿಯೆಲ್ಲ ಪಾಚಿ. ನಮ್ಮ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಬೆಳಿಗ್ಗೆ ಹೊತ್ತಿಗೇ ಆನೆ ಇಬ್ಬರ ಜೀವ ತೆಗೆದದ್ದು ನೆನಪುಂಟಲ್ಲ? ಅದಾದ ಮೇಲೆ ನಸುಕಿಗೆ ಅತ್ತೆಯವರನ್ನು ಹೊರಗೆ ಕಳಿಸಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ನಮ್ಮ ಚಾವಡಿಯ ನಾಲ್ಕಡಿ ಬೆಲ್ಟೇ ಅವರಿಗೆ ರಸ್ತೆ.

ಬಿಚ್ಚುವ ಮೊದಲು ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಡಿ, ಒಳಗೆ ಕರೆಂಟು ಉಳಿದಿರುತ್ತದೆ. ಮಳೆಗಾಲದಲ್ಲಿ ಗುಡುಗು ಕೇಳಿದರೂ ಅಷ್ಟೇ, ಮೊದಲು ಪ್ಲಗ್. ಹಿಂದಿನ ಎರಡು ಬೋಲ್ಟನ್ನು ಒಂದೇ ಸಲಕ್ಕೆ ತಿರುಗಿಸಬೇಡಿ, ಕಾಲು ಸುತ್ತು ಆಚೆಯದಕ್ಕೆ, ಕಾಲು ಸುತ್ತು ಈಚೆಯದಕ್ಕೆ. ಬೆಲ್ಟು ಮಧ್ಯದಲ್ಲಿ ಎರಡು ಮೂರು ಇಂಚು ಮೇಲೆ ಏಳಬೇಕು, ಅದಕ್ಕಿಂತ ಬಿಗಿ ಮಾಡಿದರೆ ರೋಲರಿನ ಬೇರಿಂಗ್ ಹೋಗ್ತದೆ.

ಅದೆಲ್ಲ ಮಾಡಿಯೂ ಆಗದಿದ್ದರೆ? ಆಗಲೂ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಅವರಿಗೆ ಕಬ್ಬಿಣ, ತಾಮ್ರ ಬೇಕು, ವಯರಿನ ಪ್ಲಾಸ್ಟಿಕ್ಕನ್ನು ತೋಡಿನ ಬದಿಯಲ್ಲಿ ಸುಡ್ತಾರೆ, ಆ ಹೊಗೆ ನಮಗೇ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲಿ ಕರೆಂಟಿನ ಕ್ರೀಡಾ ಸಾಮಾನೂ ಸೇರಿದೆ. ತಯಾರಿಸಿದವರ ಹೊಣೆ ಅದು, ಹಾಗಾಗಿ ಅವರಿಗೇ ಒಂದು ಫೋನು ಮಾಡಿ.

ಅಲೆನ್ ಕೀ ನಮ್ಮಲ್ಲಿ ಉಂಟು, ಅರ್ಧ ಬಾಟ್ಲಿ ಸಿಲಿಕೋನ್ ಎಣ್ಣೆಯೂ ಉಳಿದಿದೆ. ಗುಜರಿಯವನಿಗೆ ಬರುವ ವಾರ ಬಾ ಅನ್ನಿ. ಇವತ್ತು ಸಂಜೆ ಚಹಾ ಆದ ಮೇಲೆ ನಾನೂ ಮಗನೂ ಬರ್ತೇವೆ, ಹಲಗೆ ಎತ್ತಲಿಕ್ಕೆ ಮೂರು ಜನ ಬೇಕು.