ಕಣ್ಣಾರೆ ಕಂಡವರು

ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್ಬಿಗೆ ಆಡುವುದನ್ನು ಬಿಟ್ಟದ್ದು 1959ರಲ್ಲಿ. ಅವರ ಆಟವನ್ನು ಕಣ್ಣಾರೆ ಕಂಡವರ ಸಂಖ್ಯೆ ಮಾತ್ರ ಆಮೇಲೂ ವರ್ಷವರ್ಷಕ್ಕೆ ಏರುತ್ತಲೇ ಹೋಯಿತು. ಹಲಸೂರಿನಲ್ಲಿ, ಆಸ್ಟಿನ್ ಟೌನಿನಲ್ಲಿ, ಶಿವಾಜಿನಗರದ ಚಾ ಅಂಗಡಿಗಳಲ್ಲಿ ತಲೆ ನೆರೆತ ಯಾರನ್ನಾದರೂ ಕೇಳಿ ನೋಡಿ, "ನೋಡಿದ್ದೀರಾ ಅಂತ ಕೇಳ್ತೀರಲ್ಲ ಸ್ವಾಮಿ, ನನ್ನ ಮುಂದೇನೇ..." ಎಂದು ಶುರುವಾಗುತ್ತದೆ. ಇವರೆಲ್ಲ ನಿಜಕ್ಕೂ ಆಗ ಮೈದಾನಕ್ಕೆ ಹೋಗಿದ್ದರೆ ಆಡುವವರಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಈ ಸಾಕ್ಷಿಗಳಲ್ಲಿ ನನ್ನ ಸೋದರಮಾವನದು ಅಗ್ರಸ್ಥಾನ. ಅವರು ಹುಟ್ಟಿದ್ದು 1955ರಲ್ಲಿ. ಅಂದರೆ ಅಹ್ಮದ್ ಖಾನರ ಕಲ್ಕತ್ತೆಯ ಆಟವನ್ನು ಅವರು ನೋಡಿ ಮುಗಿಸಿದ್ದು ನಾಲ್ಕು ವರ್ಷ ತುಂಬುವುದರೊಳಗೆ, ಅದೂ ಹಲಸೂರು ಕೆರೆ ಏರಿ ದಾಟದೆ. ಒಮ್ಮೆ ಧೈರ್ಯ ಮಾಡಿ ಈ ಲೆಕ್ಕವನ್ನು ಅವರ ಮುಂದಿಟ್ಟೆ.

"ಲೋ, ಅಭಿಮನ್ಯು ತಾಯಿ ಹೊಟ್ಟೇಲಿದ್ದೇ ಚಕ್ರವ್ಯೂಹ ಕಲೀಲಿಲ್ವೇನೋ? ನಾನು ಹುಟ್ಟಿ ಆಗಲೇ ನಾಲ್ಕು ವರ್ಷ ಆಗಿತ್ತು!"

ಇದಕ್ಕೆ ಉತ್ತರ ಕೊಡುವುದು ಕಷ್ಟ. ಅಭಿಮನ್ಯುವಿನ ಸಾಕ್ಷ್ಯವನ್ನು ಒಪ್ಪಿಕೊಂಡ ದೇಶ, ಮಾವನದನ್ನು ಯಾವ ಬಾಯಿಂದ ತಳ್ಳಿಹಾಕೀತು?

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ. ಆಗ ನಮ್ಮ ದಂಡಿನ ಹುಡುಗರ ಬಳಿ ಚೆಂಡು ಇತ್ತು, ಬೂಟು ಇರಲಿಲ್ಲ. ಬೂಟು ಇದ್ದದ್ದು ಗೋರಾ ಸಿಪಾಯಿಗಳ ಕಾಲಲ್ಲಿ. ಆ ಪಲ್ಟಣಗಳ ಮೇಲೆ ಆಡಿ ಆಡಿ ನಮ್ಮವರು ಎರಡು ವಿದ್ಯೆ ಕಲಿತರು. ಚೆಂಡನ್ನು ಕಾಲಿಗೆ ಅಂಟಿಸಿಕೊಳ್ಳುವುದು ಒಂದು, ಬೂಟು ಬರುವ ಹೊತ್ತಿಗೆ ಕಾಲನ್ನು ಅಲ್ಲಿಂದ ತೆಗೆಯುವುದು ಇನ್ನೊಂದು. ಎರಡನೆಯದು ಬಾರದವನಿಗೆ ಮೊದಲನೆಯದನ್ನು ಕಲಿಯುವಷ್ಟು ದಿನ ಆಡುವ ಯೋಗವಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಹೊತ್ತುಕೊಂಡು ಬಂತು. ಅಲ್ಲಿಯವರೆಗೆ ಆ ಕಪ್ಪು ಯಾವ ಭಾರತೀಯ ತಂಡದ ಕೈಗೂ ಸಿಕ್ಕಿರಲಿಲ್ಲ. ಹತ್ತು ವರ್ಷದ ಅಹ್ಮದನಿಗೆ ಆಗ ಏನನ್ನಿಸಿತೋ, ಮುಂದೆ ಅದೇ ಕ್ಲಬ್ಬಿಗೆ ಆಡಿದರು. 1949ರಲ್ಲಿ ಕಲ್ಕತ್ತೆಯವರು ಕರೆದೊಯ್ದರು.

ಕರೆದೊಯ್ದದ್ದು ಈಸ್ಟ್ ಬೆಂಗಾಲ್. 1920ರಲ್ಲಿ ಹುಟ್ಟಿದ, ಹೆಸರೇ ಹೇಳುವಂತೆ ಪೂರ್ವ ಬಂಗಾಳದವರ ಅಭಿಮಾನದ ಕ್ಲಬ್ಬು. ದೇಶವಿಭಜನೆಯಾಗಿ ಎರಡೇ ವರ್ಷ. ಢಾಕಾ, ಬಾರಿಸಾಲ್ ಕಡೆಗಳಿಂದ ಮನೆಮಠ ಬಿಟ್ಟು ಬಂದವರಿಗೆ ಕಲ್ಕತ್ತೆಯಲ್ಲಿ ನಮ್ಮದು ಎಂದು ಹೇಳಿಕೊಳ್ಳಲು ಉಳಿದಿದ್ದದ್ದು ಹೆಚ್ಚುಕಡಿಮೆ ಈ ಕೆಂಪು-ಹಳದಿ ಅಂಗಿಯೊಂದೇ. ಆ ಅಂಗಿ ತೊಟ್ಟು ಮುಂಚೂಣಿಯಲ್ಲಿ ಆಡಿದ ಐವರನ್ನು ಅವರು ಪಂಚಪಾಂಡವರು ಎಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಹೆಸರು ಓದುವಾಗಲೇ ತಮಾಷೆ ಗೊತ್ತಾಗುತ್ತದೆ. ಪೂರ್ವ ಬಂಗಾಳದ ಮಾನ ಕಾದ ಐವರೂ ದಕ್ಷಿಣದವರು! ಒಬ್ಬನಿಗೂ ಹಿಲ್ಸಾ ಮೀನಿನ ಮುಳ್ಳು ಬಿಡಿಸಲು ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಅವರ ಕಾಲದಲ್ಲಿ ಕ್ಲಬ್ಬು 1949, 50, 51 ಮೂರೂ ವರ್ಷ ಐ.ಎಫ್.ಎ. ಶೀಲ್ಡ್ ಗೆದ್ದಿತು. ಮುಳ್ಳಿನ ವಿಷಯ ಯಾರೂ ಕೇಳಲಿಲ್ಲ.

ಇದೆಲ್ಲ ನನಗೆ ಉಪಯೋಗಕ್ಕೆ ಬರಬಹುದು ಎಂದು ನಾನು ಎಣಿಸಿರಲಿಲ್ಲ. ತೊಂಬತ್ತರ ದಶಕದಲ್ಲಿ ಬ್ಯಾಂಕು ನನಗೆ ಬಡ್ತಿ ಕೊಟ್ಟು, ಜೊತೆಗೆ ಕಲ್ಕತ್ತೆಯನ್ನೂ ಕೊಟ್ಟಿತು. ಜಾದವಪುರದ ಪಕ್ಕದ ಬಿಜೊಯ್‌ಗಢದಲ್ಲಿ ಮನೆ ಹುಡುಕುತ್ತ ಹೊರಟೆ. ಅದು ನಿರಾಶ್ರಿತರು ಕಟ್ಟಿಕೊಂಡ ಬಡಾವಣೆ. ಮೀನು ತಿನ್ನದ ಬ್ರಹ್ಮಚಾರಿಗೆ ಮನೆ ಕೊಡಲು ಯಾರಿಗೂ ಮನಸ್ಸಿಲ್ಲ. ಮೀನು ತಿನ್ನದವನು ಇನ್ನೇನೇನು ಮಾಡಿಯಾನೋ ಎಂಬ ಅನುಮಾನ. ಕೊನೆಗೊಬ್ಬ ಹಿರಿಯರು, ಮುಂದೆ ಎಲ್ಲರಂತೆ ನಾನೂ ಕಾಕಾಬಾಬು ಎಂದು ಕರೆದವರು, ಕನ್ನಡಕ ಏರಿಸಿ ಕೇಳಿದರು, "ಯಾವೂರು?"

"ಬೆಂಗಳೂರು."

"ಅಹ್ಮೋದ್ ಖಾನರ ಊರು?"

"ನಮ್ಮ ಮಾವನ ಪಕ್ಕದ ಬೀದಿ," ಎಂದೆ. ಬೆಂಗಳೂರಿನಲ್ಲಿ ಪಕ್ಕದ ಬೀದಿ ಎಂಬುದಕ್ಕೆ ನಿಶ್ಚಿತ ಅಳತೆಯೇನೂ ಇಲ್ಲ.

ಅಡ್ವಾನ್ಸಿನ ಮಾತೇ ಬರಲಿಲ್ಲ. ಮಹಡಿಯ ಕೋಣೆ ಸಿಕ್ಕಿತು, ಸಂಜೆ ಮುರಿ, ಅಂದರೆ ನಮ್ಮ ಮಂಡಕ್ಕಿ, ಮತ್ತು ಚಹಾ ಸಿಕ್ಕಿತು. ಪ್ರತಿಯಾಗಿ ಪ್ರತಿ ಭಾನುವಾರ ಜಗುಲಿಯ ಅಡ್ಡೆಯಲ್ಲಿ ಕೂತು ಅಹ್ಮದ್ ಖಾನರ ಬಾಲ್ಯಲೀಲೆಗಳನ್ನು ಹೇಳಬೇಕು. ನನ್ನ ದಾಸ್ತಾನು ಎಷ್ಟು ದಿನ ಬಂದೀತು? ರಾತ್ರಿ ಎಸ್.ಟಿ.ಡಿ. ದರ ಇಳಿಯುವುದನ್ನೇ ಕಾದು ಬೂತಿನಿಂದ ಮಾವನಿಗೆ ಫೋನು ಮಾಡುತ್ತಿದ್ದೆ. ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದ ಮಾವ ಕತೆಯನ್ನೂ ಅಳತೆಗೆ ತಕ್ಕಂತೆ ಅರ ಹಾಕಿ ಕೊಡುತ್ತಿದ್ದರು. ಅಹ್ಮದ್ ಖಾನ್ ಚೆಂಡು ಹಿಡಿದು ಸುಳಿದುಕೊಂಡು ಹೋಗುವುದನ್ನು ಕಂಡು ಹಾವಾಡಿಗ ಎಂದು ಕರೆಯುತ್ತಿದ್ದದ್ದು ಲೋಕಕ್ಕೆ ಗೊತ್ತಿರುವ ಸಂಗತಿ. ಅವರು ದಾಟಿಕೊಂಡು ಹೋದ ಎದುರಾಳಿಗಳ ಸಂಖ್ಯೆ ಮಾವನ ಬಳಿ ನನ್ನ ಚಿಕ್ಕಂದಿನಲ್ಲಿ ನಾಲ್ಕಿತ್ತು, ನಾನು ಕಾಲೇಜು ಸೇರುವಾಗ ಆರಾಗಿತ್ತು. ಇದೂ ತುಟ್ಟಿಭತ್ಯೆಯ ಹಾಗೆ, ಏರಿದ್ದು ಇಳಿಯುವ ಪದ್ಧತಿಯಿಲ್ಲ.

ಕಾಕಾಬಾಬು ನಿಜವಾಗಿಯೂ ನೋಡಿದವರು, ಅದರಲ್ಲಿ ಸಂಶಯವಿಲ್ಲ. ಆದರೆ ನೋಡಿದ್ದು ಪೆರಿಸ್ಕೋಪಿನಲ್ಲಿ. ಕಲ್ಕತ್ತೆಯ ಮೈದಾನದಲ್ಲಿ ಆಗ ಟಿಕೆಟ್ಟು ಸಿಗದವರಿಗೆ, ಸಿಕ್ಕಿಯೂ ಹಿಂದೆ ನಿಂತವರಿಗೆ, ರಟ್ಟಿನ ಕೊಳವೆಗೆ ಎರಡು ಕನ್ನಡಿ ಕೂರಿಸಿ ಮಾರುತ್ತಿದ್ದರು. ಹದಿನಾಲ್ಕು ವರ್ಷದ ಹುಡುಗ ಮುಂದಿನವರ ತಲೆಗಳ ಮೇಲೆ ಆ ಕೊಳವೆ ಎತ್ತಿ ಹಿಡಿದು ನೋಡಿದ್ದು ಬೆರಳಗಲದ ಅಹ್ಮದ್ ಖಾನರನ್ನು. ಎದುರಾಳಿಗಳು ಕನ್ನಡಿಯಲ್ಲಿ ಪೂರ್ತಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಅವರೆಷ್ಟು ಮಂದಿ ಎಂಬುದನ್ನು ಆಮೇಲೆ ತುಂಬಿಕೊಳ್ಳಲು ಧಾರಾಳ ಅವಕಾಶವಿತ್ತು.

ಇಬ್ಬರ ಕತೆಗಳೂ ಒಲಿಂಪಿಕ್ಸಿಗೆ ಬಂದಾಗ ಮಾತ್ರ ನಾನು ಎಚ್ಚರದಿಂದಿರಬೇಕಾಗುತ್ತಿತ್ತು. 1948ರ ಲಂಡನ್ನಿನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಫ್ರಾನ್ಸಿನ ಮೇಲೆ ಆಡಿ 2–1ರಿಂದ ಸೋತರು. ಎರಡು ಪೆನಾಲ್ಟಿಗಳನ್ನು ಕೈಯಾರೆ, ಅಲ್ಲ, ಕಾಲಾರೆ ಕಳೆದುಕೊಂಡರು. ನಮ್ಮ ಒಂದು ಗೋಲು ಮೈಸೂರು ತಂಡದ ಎಸ್. ರಾಮನ್ ಅವರದು. ಮಾವನಿಗೆ ಇದರಲ್ಲಿ ಸೋಲು ಕಾಣುವುದೇ ಇಲ್ಲ: "ಗೋಲು ಹೊಡೆದದ್ದು ನಮ್ಮವನು, ಪೆನಾಲ್ಟಿ ಬಿಟ್ಟದ್ದು ನಮ್ಮವರಲ್ಲ." ಆ ಪಂದ್ಯಗಳ ಸಮಯದಲ್ಲಿ ಇಂಗ್ಲೆಂಡಿನ ದೊರೆ ಆರನೇ ಜಾರ್ಜ್, ಮೋಹನ್ ಬಗಾನಿನ ಶೈಲೇನ್ ಮನ್ನಾ ಅವರ ಪ್ಯಾಂಟು ಮೇಲೆತ್ತಿಸಿ ಕಾಲು ಉಕ್ಕಿನದೋ ಏನೋ ಎಂದು ನೋಡಿದನೆಂಬ ದಂತಕತೆ ಬಂಗಾಳದಲ್ಲೆಲ್ಲ ಪ್ರಸಿದ್ಧ. ಕಾಕಾಬಾಬುಗೆ ಈ ಕತೆ ಬಾಯಿಗೆ ಬಂದರೆ ಕಹಿ, ಏಕೆಂದರೆ ಕಾಲು ಈಸ್ಟ್ ಬೆಂಗಾಲಿನ ಬದ್ಧ ಎದುರಾಳಿ ಮೋಹನ್ ಬಗಾನಿನದು. ಮಾವನ ಆವೃತ್ತಿಯಲ್ಲಿ ಪ್ಯಾಂಟು ಅಹ್ಮದ್ ಖಾನರದು. ಅದನ್ನು ಕೇಳಿದ ದಿನ ಕಾಕಾಬಾಬು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. ಒಳಗಿನಿಂದ ರಸಗುಲ್ಲ ಬಂತು.

1952ರ ಹೆಲ್ಸಿಂಕಿ ಇನ್ನೂ ಸೊಗಸು. ಯುಗೋಸ್ಲಾವಿಯಾದವರು ನಮಗೆ ಹತ್ತು ಗೋಲು ಹೊಡೆದರು. ನಮ್ಮದು ಒಂದು, ಆಟ ಮುಗಿಯಲು ಬಂದಾಗ, ಹೊಡೆದವರು ಅಹ್ಮದ್ ಖಾನ್. ಬಿಜೊಯ್‌ಗಢದಲ್ಲಿ ಇದು ಈಸ್ಟ್ ಬೆಂಗಾಲ್ ಒಂದು, ಯುಗೋಸ್ಲಾವಿಯಾ ಹತ್ತು. ಹಲಸೂರಿನಲ್ಲಿ ಬೆಂಗಳೂರು ಒಂದು, ಉಳಿದದ್ದು ಯಾರು ಲೆಕ್ಕ ಇಟ್ಟಿದ್ದಾರೆ. ಭಾರತ ಎಂಬ ತಂಡ ಆ ದಿನ ಆಡಿತ್ತೆಂಬುದು ಇಬ್ಬರಿಗೂ ಅಷ್ಟಾಗಿ ನೆನಪಿಲ್ಲ. ಆ ಸೋಲಿನ ನಂತರ ನಮ್ಮ ಫುಟ್‌ಬಾಲ್ ಸಂಘದವರು ಬೂಟು ಕಡ್ಡಾಯ ಮಾಡಿದರು. "ಬೂಟು ಬಂತು, ಆಟ ಹೋಯ್ತು" ಎನ್ನುತ್ತಾರೆ ಮಾವ. 1956ರ ಮೆಲ್ಬರ್ನಿನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಬಂದದ್ದು ಬೂಟು ಹಾಕಿಕೊಂಡೇ ಎಂದು ನೆನಪಿಸಿದರೆ, "ಅದೆಲ್ಲ ಪೇಪರಿನಲ್ಲಿ ಓದಿದ್ದು, ನಾನು ನೋಡಿಲ್ಲ" ಎಂದು ದಿಢೀರನೆ ಪ್ರಾಮಾಣಿಕರಾಗಿಬಿಡುತ್ತಾರೆ.

ಈಸ್ಟ್ ಬೆಂಗಾಲ್ ಗೆದ್ದ ದಿನ ಕಲ್ಕತ್ತೆಯ ಪೇಟೆಯಲ್ಲಿ ಹಿಲ್ಸಾ ದರ ಏರುತ್ತದೆ, ಮೋಹನ್ ಬಗಾನ್ ಗೆದ್ದರೆ ಸೀಗಡಿಯದು. ಹಿಲ್ಸಾ ಏರಿದ ದಿನ ನನ್ನ ಕೋಣೆಗೂ ಒಂದು ಬಟ್ಟಲು ಬರುತ್ತಿತ್ತು. ಅಹ್ಮದ್ ಖಾನರ ಊರಿನವನನ್ನು ಬಿಟ್ಟು ಉಣ್ಣುವುದು ಹೇಗೆ? ಮೀನಿನ ತುಂಡನ್ನು ಬದಿಗೆ ಸರಿಸಿ ಸಾಸಿವೆ ಗೊಜ್ಜಿನಲ್ಲಿ ಅನ್ನ ಕಲಸಿಕೊಳ್ಳುತ್ತಿದ್ದೆ. ಬಹಳ ಚೆನ್ನಾಗಿರುತ್ತಿತ್ತು, ನಮ್ಮ ಮನೆಯವರು ಈ ಸಾಲನ್ನು ಓದದಿರಲಿ.

ವರ್ಗವಾಗಿ ಊರಿಗೆ ಬಂದ ಮೇಲೂ ಕಾಗದ, ಫೋನು ನಿಲ್ಲಲಿಲ್ಲ. 2010ರ ಸುಮಾರಿಗೆ ಕಾಕಾಬಾಬು ಹೃದಯದ ತಪಾಸಣೆಗೆಂದು ಬೆಂಗಳೂರಿಗೆ ಬಂದರು. ಆಸ್ಪತ್ರೆಯ ಕೆಲಸ ಮುಗಿದದ್ದೇ ಕೈಚೀಲದಿಂದ ಒಂದು ಸಂದೇಶ್ ಡಬ್ಬಿ ಹೊರಬಂತು. "ಇದು ಅಹ್ಮೋದ್ ಖಾನರಿಗೆ. ನಿಮ್ಮ ಮಾವನವರು ಕರೆದುಕೊಂಡು ಹೋಗುತ್ತಾರಲ್ಲ, ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿಂದವರು."

ಆಗಿನ್ನೂ ಅಹ್ಮದ್ ಖಾನ್ ಬೆಂಗಳೂರಿನಲ್ಲೇ ಇದ್ದರು. ತೀರಿಕೊಂಡದ್ದು 2017ರಲ್ಲಿ, ತೊಂಬತ್ತು ದಾಟಿದ ಮೇಲೆ. ಮಾವನ ಮುಖ ನೋಡಬೇಕಿತ್ತು. ಮೊದಲ ದಿನ ರಾಹುಕಾಲ ಅಡ್ಡ ಬಂತು. ಮಾವ ಅದನ್ನು ನಂಬಿದ್ದು ಜೀವಮಾನದಲ್ಲಿ ಅದೇ ಮೊದಲು. ಮರುದಿನ ಮಂಡಿನೋವು. ಆಮೇಲೆ ಅಹ್ಮದ್ ಭಾಯ್ ಊರಲ್ಲಿಲ್ಲ ಎಂದರು, ಎಲ್ಲಿಗೆ ಹೋಗಿದ್ದಾರೆ ಎಂದರೆ ತಡವರಿಸಿ "ಕಲ್ಕತ್ತೆಗೆ" ಎಂದರು. ಇನ್ನು ಉಪಾಯವಿಲ್ಲ ಎನ್ನಿಸಿದ ಬೆಳಗ್ಗೆ ಇಸ್ತ್ರಿ ಶರ್ಟು ತೊಟ್ಟು, ಗಲ್ಲಿಗಲ್ಲಿ ವಿಚಾರಿಸಿಯಾದರೂ ಮನೆ ಹುಡುಕುವುದೆಂದು ಗಟ್ಟಿಮನಸ್ಸು ಮಾಡಿ ಆಟೋ ನಿಲ್ಲಿಸಿದರು.

ಕಾಕಾಬಾಬು ಹತ್ತಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ನಿಂತರು.

"ಬೇಡ ಬಿಡಿ. ಅವರು ಏನಾದರೂ ನಿಜ ಹೇಳಿಬಿಟ್ಟರೆ?"

"ಏನು ನಿಜ?" ಎಂದರು ಮಾವ, ತಮ್ಮ ದಕ್ಕನಿ ಹಿಂದಿಯಲ್ಲಿ.

"ನಮ್ಮ ಬಡಾವಣೆಯ ಹುಡುಗರಿಗೆಲ್ಲ ಏಳು ಜನರನ್ನು ದಾಟಿಕೊಂಡು ಹೋದರು ಅಂತ ಹೇಳಿಟ್ಟಿದ್ದೇನೆ. ಅವರು ಇಬ್ಬರು ಅಂದರೆ ನಾನು ಯಾವ ಮುಖ ಹೊತ್ತು ಊರಿಗೆ ಹೋಗಲಿ?"

ಮಾವ ಆಟೋದವನನ್ನು ಕಳಿಸಿಬಿಟ್ಟರು. ಅವರ ಮಂಡಿನೋವು ಅಲ್ಲೇ ವಾಸಿಯಾಯಿತು.

"ಏಳೇನಾ? ನಾನು ಒಂಬತ್ತು ಹೇಳಿದ್ದೀನಿ."

ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಹೇಳಿ, ಸಂದೇಶ್ ಡಬ್ಬಿ ಬಿಚ್ಚಿ, ಇಬ್ಬರೂ ಚೌಕಾಸಿಗೆ ಕೂತರು. ತುಸು ಎಳೆದಾಡಿ ಎಂಟಕ್ಕೆ ಒಪ್ಪಂದವಾಯಿತು. ಆದರೆ ಗೋಲ್‌ಕೀಪರ್ ಆ ಎಂಟರಲ್ಲಿ ಸೇರಿದ್ದಾನೋ ಇಲ್ಲವೋ ಎಂಬ ಬಗ್ಗೆ ಎರಡನೇ ಸುತ್ತು ಕಾಫಿ ಬಂದರೂ ಯಾರೂ ಪಟ್ಟು ಬಿಡಲಿಲ್ಲ.