ದುಬೈ ಅಣ್ಣ

ದುಬೈ ಅಣ್ಣನಿಗೆ ಸ್ವಂತದ್ದೊಂದು ಹೆಸರು ಉಂಟು, ಆದರೆ ಅದು ಪಾಸ್‌ಪೋರ್ಟಿನ ಒಳಗೆ. ಕಾಪು, ಕಟಪಾಡಿ, ಶಿರ್ವ, ಬೆಳ್ಮಣ್ಣು, ಕಾರ್ಕಳದ ಕಡೆ ಅವನನ್ನು ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ. ಅವ ಮಸ್ಕತ್ತಿನಲ್ಲಿರಲಿ, ಬಹ್ರೈನಿನಲ್ಲಿರಲಿ, ಊರಿನ ಲೆಕ್ಕದಲ್ಲಿ ದುಬೈಯೇ. ಕುವೈತಿನವರಿಗೆ ಮಾತ್ರ ಇದರಿಂದ ಸ್ವಲ್ಪ ಬೇಸರ. ದಿನಾರಿನ ಎದುರು ದಿರ್ಹಾಮು ಯಾವ ಲೆಕ್ಕದ ದುಡ್ಡು ಎಂದು ಅವರು ಮದುವೆ ಊಟದ ಪಂಕ್ತಿಯಲ್ಲಿ ಕುಳಿತು ವಿವರಿಸುತ್ತಾರೆ. ಕೇಳಿದವರು ತಲೆಯಾಡಿಸಿ, "ಹೌದೌದು, ಮತ್ತೆ ದುಬೈಗೆ ಯಾವಾಗ ಹೊರಡುವುದು?" ಎನ್ನುತ್ತಾರೆ.

ವಯಸ್ಸು ಐವತ್ತು ದಾಟಿದೆ. ಅಪ್ಪ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವರು. ಮಗ ಅದೇ ಬೊಂಬಾಯಿಯಿಂದ ವಿಮಾನ ಹತ್ತಿ ಇನ್ನಷ್ಟು ಮುಂದಕ್ಕೆ ಹೋದ; ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದೇ 2006ರಲ್ಲಿ. ಈಗ ಅವ ಕಂಪೆನಿಯೊಂದರ ಪಿಆರ್‌ಒ. ವೀಸಾ, ಲೇಬರ್ ಕಾರ್ಡು, ಮೆಡಿಕಲ್ಲು ಎಂದು ಕಂಡವರ ಕಾಗದಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಓಡುವ ಉದ್ಯೋಗ. ಅದಕ್ಕೆ ಸಂಬಳ ಸಿಗುತ್ತದೆ. ಸಂಬಳ ಸಿಗದ, ಆದರೆ ಅವನಿಗೆ ಇನ್ನೂ ಇಷ್ಟದ ಉದ್ಯೋಗ ಬೇರೆಯೇ ಉಂಟು: ಊರಿನಿಂದ ಬಂದವರನ್ನು ಸೆಟ್ಲ್ ಮಾಡಿಸುವುದು.

ಈ ಕಾರ್ಯ ಹುಡುಗ ವಿಮಾನ ಹತ್ತುವ ಮೊದಲೇ ಶುರುವಾಗುತ್ತದೆ. ನಿಟ್ಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿದವನೊಬ್ಬನಿಗೆ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಅವನ ಸರ್ಟಿಫಿಕೇಟು ಬೆಂಗಳೂರು, ದಿಲ್ಲಿ, ಎಂಬೆಸಿ ಎಂದು ಸುತ್ತಿ ಕಡೆಗೊಂದು ಸೀಲು ಹಾಕಿಸಿಕೊಂಡು ಬರಬೇಕು. ನಾಲ್ಕು ವರ್ಷ ಓದಿ ಗಳಿಸಿದ ಮುಂಬದಿಗಿಂತ ಆ ಹಿಂಬದಿಗೆ ಬೆಲೆ ಹೆಚ್ಚು. ಇಷ್ಟಾಗುವಾಗ ಅಣ್ಣ ದಿನಕ್ಕೆರಡು ಸಲ ಫೋನ್ ಮಾಡಿ ಹುಡುಗನನ್ನು ಬಿಟ್ಟು ಅವನ ತಾಯಿಯ ಜೊತೆ ಮಾತಾಡಲು ತೊಡಗಿರುತ್ತಾನೆ. ಲಗೇಜಿನ ಮಾತು ಗಂಡಸರಿಗೆ ತಿಳಿಯುವಂಥದ್ದಲ್ಲ ಎಂಬುದು ಅವನ ಅನುಭವ.

"ಅಕ್ಕಾ, ಕುಚ್ಚಲಕ್ಕಿ ಕಟ್ಟಬೇಡಿ, ಇಲ್ಲಿ ಬೇಕಾದಷ್ಟು ಸಿಗ್ತದೆ."

"ಒಣಮೀನು?"

"ಕಟ್ಟಿ. ಆದ್ರೆ ಆಫೀಸಿನ ಶರ್ಟಿನ ಹತ್ರ ಇಡ್ಬೇಡಿ."

"ಮಟ್ಟುಗುಳ್ಳ?"

"ಅದು ಬೇಕು. ನನಗೆ ಅಂತ ಎರಡು ಕಿಲೋ ಬೇರೆಯೇ."

"ಮತ್ತೆ ಸ್ವಲ್ಪ ಗಸಗಸೆ, ಹಬ್ಬಕ್ಕೆ ಪಾಯಸ ಮಾಡ್ಲಿಕ್ಕೆ..."

ಇಲ್ಲಿ ಅಣ್ಣನ ಸ್ವರವೇ ಬದಲಾಗುತ್ತದೆ. ಗಸಗಸೆ ಅಫೀಮು ಗಿಡದ ಬೀಜ. ಯುಎಇಗೆ ಅದನ್ನು ಒಯ್ಯುವ ಹಾಗೇ ಇಲ್ಲ. ಚಿಟಿಕೆ ಗಸಗಸೆಗೆ ಜೈಲು ಕಂಡವರ ಕಥೆಗಳು ಅವನ ಹತ್ತಿರ ದಂಡಿಯಾಗಿವೆ. ಒಂದೊಂದನ್ನೂ ಅವ ಮಾರಿಪೂಜೆಯ ದಿನ ಕುರಿ ಎಷ್ಟು ಕಿಲೋ ತೂಗಿತೆಂದು ಹೇಳುವಷ್ಟು ವಿವರವಾಗಿ ಹೇಳುತ್ತಾನೆ. ಆ ತಾಯಿ ಅಂದು ರಾತ್ರಿ ಸೂಟ್‌ಕೇಸು ಪೂರ್ತಿ ಬಿಚ್ಚಿ, ಸಾರಿನ ಪುಡಿಯನ್ನು ಜರಡಿ ಹಿಡಿದು, ಮಗನ ಅಂಗಿಯ ಕಿಸೆಗಳನ್ನು ಹೊರಮುಖ ಮಾಡಿ ಕೊಡವಿ, ಬೆಳಗಾಗುವಾಗ ಪುನಃ ಕಟ್ಟುತ್ತಾಳೆ.

ಹುಡುಗ ಇಳಿಯುವುದು ಶಾರ್ಜಾದ ಒಂದು ಫ್ಲ್ಯಾಟಿಗೆ. ಎರಡು ಬೆಡ್‌ರೂಮು, ಒಂಬತ್ತು ಜನ, ಒಂದು ಬಾತ್‌ರೂಮು. ಬಾತ್‌ರೂಮಿನ ಬಾಗಿಲ ಮೇಲೆ ಅಣ್ಣ ಸ್ವಹಸ್ತದಿಂದ ಬರೆದಂಟಿಸಿದ ವೇಳಾಪಟ್ಟಿ. ದುಬೈಗೆ ಹೋಗುವವರಿಗೆ ಮೊದಲ ಸರತಿ, ಯಾಕೆಂದರೆ ಆರು ಗಂಟೆ ದಾಟಿದರೆ ಇತ್ತಿಹಾದ್ ರಸ್ತೆಯಲ್ಲಿ ಕಾರು ನಿಲ್ಲುತ್ತದೆ, ಚಲಿಸುವುದಿಲ್ಲ. ತಲಾ ಹನ್ನೆರಡು ನಿಮಿಷ. ಹೊಸಬನಿಗೆ ಸಿಕ್ಕುವುದು ಐದು ಹತ್ತರಿಂದ ಐದು ಇಪ್ಪತ್ತೆರಡು. ಊರಲ್ಲಿ ಒಂಬತ್ತು ಗಂಟೆಗೆ ಎದ್ದು, ಬಚ್ಚಲಿನಲ್ಲಿ ಹಂಡೆಯ ಬಿಸಿನೀರು ಖಾಲಿಯಾಗುವ ತನಕ ನಿಂತವ ಅವ. ಮೊದಲ ವಾರ ಅವ ಸಾಬೂನು ಹಚ್ಚಿ ಮುಗಿಸುವಾಗ ಹೊರಗಿನಿಂದ "ಎರಡು ನಿಮಿಷ ಉಂಟು ಮಾರಾಯ" ಎಂಬ ಸ್ವರ ಬರುತ್ತದೆ. ಆ ಎರಡು ನಿಮಿಷವನ್ನು ಅಣ್ಣ ಎಂದೂ ತಪ್ಪು ಹೇಳಿದ್ದಿಲ್ಲ. ಇನ್ನು ಅಡುಗೆ ಸರತಿ, ಪಾತ್ರೆ ತೊಳೆಯುವ ಸರತಿ, ಫ್ರಿಜ್ಜಿನ ಹಂಚಿಕೆ ಬೇರೆ. ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗಳ ಮೇಲೂ ಇನಿಶಿಯಲ್ ಬರೆದಿರುತ್ತದೆ.

ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಬ್ಯಾಂಕ್ ಖಾತೆ, ಸಿಮ್ಮು ಎಲ್ಲಕ್ಕೂ ಅಣ್ಣನೇ ಕರೆದುಕೊಂಡು ಹೋಗಿ ಕೂರಿಸಿ ಎಬ್ಬಿಸಿಕೊಂಡು ಬರುತ್ತಾನೆ. ಮೂವತ್ತು ವರ್ಷದಲ್ಲಿ ಅವ ಕಲಿತ ಅರಬ್ಬಿ ಶಬ್ದಗಳು ಯಲ್ಲಾ, ಖಲಾಸ್, ಬುಕ್ರಾ, ಮಾಫಿ ಮುಷ್ಕಿಲ್. ಈ ನಾಲ್ಕನ್ನೇ ಹಿಂದೆ ಮುಂದೆ ಮಾಡಿ ಅವ ಯಾವ ಕೌಂಟರಿನಲ್ಲೂ ಕೆಲಸ ಸಾಧಿಸಬಲ್ಲ. ಉಳಿದದ್ದಕ್ಕೆ ಮಲೆಯಾಳ.

ರಾತ್ರಿ ಊಟದ ನಂತರ ಬೋಧನೆ. ಸಂಬಳ ಎಷ್ಟು ಎಂದು ಕುಣಿಯಬೇಡ, ಅದರಲ್ಲಿ ಬೇಸಿಕ್ ಎಷ್ಟು ಎಂದು ನೋಡು. ಕೊನೆಗೆ ಕೈಗೆ ಬರುವ ಗ್ರಾಚ್ಯುಯಿಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ಕು, ಆಮೇಲೆ 30 ದಿನದ್ದು. ಕ್ರೆಡಿಟ್ ಕಾರ್ಡ್ ಮಾರುವವರು ಮಾಲಿನಲ್ಲಿ ನಗಾಡಿಕೊಂಡು ಬಂದರೆ ಫೋನ್ ಬಂದವನ ಹಾಗೆ ನಟಿಸು. ಇಷ್ಟು ಹೇಳಿ, ಮುಕ್ತಾಯಕ್ಕೆ ಕಾಪುವಿನ ಬಿ.ಆರ್. ಶೆಟ್ಟರು. 1973ರಲ್ಲಿ ಅಬುಧಾಬಿಗೆ ಬಂದು, ಔಷಧಿಯ ಸೇಲ್ಸ್‌ಮನ್ ಆಗಿ ಬಿಸಿಲಲ್ಲಿ ತಿರುಗಿ, 1975ರಲ್ಲಿ ಎನ್‌ಎಂಸಿ ಆಸ್ಪತ್ರೆ ಶುರುಮಾಡಿದ ತನಕದ ಕಥೆಯನ್ನು ಅಣ್ಣ ತಾನೇ ಬ್ಯಾಗು ಹೊತ್ತು ಜೊತೆಗಿದ್ದವನಂತೆ ಹೇಳುತ್ತಾನೆ. ಆ ಇಸವಿಯಲ್ಲಿ ಅವ ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ಚಡ್ಡಿ ಹಾಕಿ ಮರಳಲ್ಲಿ ಆಡುತ್ತಿದ್ದ ಎಂಬುದನ್ನು ಲೆಕ್ಕ ಹಾಕಲು ಆ ರೂಮಿನಲ್ಲಿ ಯಾರಿಗೂ ಧೈರ್ಯವಿಲ್ಲ. ಕಥೆ ಶೆಟ್ಟರ ಸಾಮ್ರಾಜ್ಯ ಕುಸಿದ 2020ಕ್ಕೆ ಹತ್ತಿರವಾಗುವಾಗ ಅವನಿಗೆ ನಿದ್ದೆ ಬರುತ್ತದೆ.

ಅಣ್ಣ ದೇಶಭಕ್ತ. ಆಗಸ್ಟ್ 15ಕ್ಕೆ ಕಾರಿಗೆ ಬಾವುಟ ಕಟ್ಟುತ್ತಾನೆ, ಕ್ರಿಕೆಟ್ಟಿನಲ್ಲಿ ಭಾರತ ಸೋತರೆ ಆ ದಿನ ಊಟ ಬಿಡುತ್ತಾನೆ. ಆದರೆ ರೂಪಾಯಿ ಬಿದ್ದ ದಿನ ಅವನ ಮುಖ ನೋಡಬೇಕು. ದಿರ್ಹಾಮು ಡಾಲರಿಗೆ 3.6725 ಎಂದು 1997ರಿಂದ ಕಟ್ಟಿಹಾಕಿದ ದುಡ್ಡು, ಅದು ಅಲುಗುವುದಿಲ್ಲ, ಅಲುಗುವುದೇನಿದ್ದರೂ ನಮ್ಮದೇ. ತಿಂಗಳ ಸಂಬಳವಾದ ಮೇಲೆ ಎಕ್ಸ್‌ಚೇಂಜಿನ ಎದುರು ನಿಂತು, ಇನ್ನೂ ಹತ್ತು ಪೈಸೆ ಇಳಿಯಲಿ ಎಂದು ಕಾಪುವಿನ ಮಾರಿಯಮ್ಮನಿಗೆ ಹರಕೆ ಹೊರುವುದಕ್ಕೂ ದೇಶಭಕ್ತಿಗೂ ಅವ ಗಂಟು ಹಾಕುವುದಿಲ್ಲ.

ಡ್ರೈವಿಂಗ್ ಲೈಸೆನ್ಸಿನ ವಿಷಯದಲ್ಲಿ ಮಾತ್ರ ಅವನ ಬೋಧನೆ ಚುಟುಕು. "ಊರಲ್ಲಿ ಕಲಿತದ್ದು ಮರೆತು ಬಾ." ಕಾರ್ಕಳ ಪಡುಬಿದ್ರಿ ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಎದುರಿನಿಂದ ಕೆಎ 20 ನಂಬರಿನ ಆಲ್ಟೋ ಹೊಡೆದು ಬದುಕಿ ಉಳಿದವನಿಗೆ ಜಗತ್ತಿನ ಯಾವ ರಸ್ತೆಯೂ ಕಷ್ಟವಲ್ಲ ಎಂದು ಹುಡುಗ ತಿಳಿದಿರುತ್ತಾನೆ. ದುಬೈಯ ಪರೀಕ್ಷಕ ಅವನನ್ನು ಎರಡು ಕಾರಿನ ನಡುವೆ ಪಾರ್ಕ್ ಮಾಡಲು ಹೇಳುತ್ತಾನೆ. ಒಂದು ಸಲ ಫೇಲು, ಇನ್ನೊಂದು ಸಲ ಫೇಲು. ಪ್ರತಿ ಸಲವೂ ಫೀಸು. ಕೊನೆಗೆ ಪಾಸಾದ ದಿನ ರೂಮಿನಲ್ಲಿ ಕೋಳಿ ಸುಕ್ಕ, ಕೋರಿರೊಟ್ಟಿ.

ಅಣ್ಣನ ಹೆಂಡತಿಗೂ ಒಂದು ಮಾತು ಮೀಸಲಿಡಬೇಕು. ಅತ್ತಿಗೆ ಕಾರ್ಕಳದವರು. ಫ್ಯಾಮಿಲಿ ವೀಸಾಕ್ಕೆ ಸಂಬಳ 4,000 ದಿರ್ಹಾಮು ಬೇಕು, ಇಲ್ಲವೇ 3,000 ಮತ್ತು ಕಂಪೆನಿ ಕೊಟ್ಟ ಮನೆ. ಅದು ಕೂಡಿ ಬರುವಾಗ ಮದುವೆಯಾಗಿ ವರ್ಷಗಳು ಕಳೆದಿದ್ದವು. ಬರುವಾಗ ತುರಿಮಣೆಯನ್ನು ಸೀರೆಯಲ್ಲಿ ಸುತ್ತಿ ತಂದರು. ಸಂಸಾರದ ಮನೆ ಹನ್ನೊಂದನೇ ಮಹಡಿಯಲ್ಲಿ. ಸೆಖೆಗಾಲದಲ್ಲಿ ಇಷ್ಟೊಂದು ಬಿಸಿಲು ಹಾಳಾಗುತ್ತಿದೆಯಲ್ಲ ಎಂಬ ಸಂಕಟಕ್ಕೆ ಒಂದು ದಿನ ಬಾಲ್ಕನಿಯಲ್ಲಿ ಹಲಸಿನ ಹಪ್ಪಳ ಒಣಗಿಸಿದರು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೇ ಮುನಿಸಿಪಾಲಿಟಿ ದಂಡ ಹಾಕುವ ಊರು ಅದು. ಹಪ್ಪಳದ ಬಗ್ಗೆ ಕಾನೂನು ಏನೆನ್ನುತ್ತದೆ ಎಂದು ಕಟ್ಟಡದ ವಾಚ್‌ಮನ್ನಿಗೂ ಗೊತ್ತಿರಲಿಲ್ಲ. ಅವ ವಿಚಾರಿಸಲು ಮೇಲೆ ಬಂದ, ನಾಲ್ಕು ಹಪ್ಪಳ ಕರಿದು ಕೊಟ್ಟರು, ಇಳಿದು ಹೋದ. ಎದುರು ಮನೆಯ ಮಲೆಯಾಳಿ ಚೇಚಿಗೂ ಅತ್ತಿಗೆಗೂ ಸಮಾನ ಭಾಷೆ ಯಾವುದೂ ಇರಲಿಲ್ಲ. ಆರು ತಿಂಗಳಲ್ಲಿ ಇಬ್ಬರೂ ಸೇರಿ ಕಟ್ಟಡದ ಅಷ್ಟೂ ಮನೆಗಳ ಸುದ್ದಿ ಮಾತಾಡುವಷ್ಟಾದರು. ವಾಸ್ತವದಲ್ಲಿ ಸೆಟ್ಲ್ ಆದವರು ಅತ್ತಿಗೆಯೇ ಎಂದು ನನ್ನ ಅನಿಸಿಕೆ. ಅಣ್ಣನ ಹತ್ತಿರ ಅದನ್ನು ಹೇಳುವ ಹಾಗಿಲ್ಲ.

ವಾರದ ರಜೆ ಮೊದಲು ಶುಕ್ರವಾರ ಇತ್ತು, ಸೇವೆ, ಸಂಘದ ಮೀಟಿಂಗು, ಮಕ್ಕಳ ಯಕ್ಷಗಾನದ ಕ್ಲಾಸು ಎಲ್ಲವೂ ಆ ದಿನ. 2022ರ ಜನವರಿಯಲ್ಲಿ ಸರಕಾರ ರಜೆಯನ್ನು ಶನಿವಾರ ಭಾನುವಾರಕ್ಕೆ ತಂದಿತು. ಊರಿನವರಿಗೂ ತನಗೂ ಒಂದೇ ದಿನ ರಜೆ ಬಂದದ್ದು ಅಣ್ಣನಿಗೆ ಏಕೋ ಹಿಡಿಸಲಿಲ್ಲ. ಭಾನುವಾರ ಬೆಳಿಗ್ಗೆ ಊರಿಗೆ ಫೋನು ಮಾಡಿ, "ನಿಮಗೆ ರಜೆ, ನಮಗೆ ದುಡಿತ" ಎನ್ನುವ ಸುಖ ಹೋಯಿತು.

ವರ್ಷಕ್ಕೊಮ್ಮೆ ಅವ ಊರಿಗೆ ಬರುತ್ತಾನೆ, ಮೂವತ್ತು ದಿನಕ್ಕೆ. ಬಜ್ಪೆಯಲ್ಲಿ ಇಳಿದ ಕ್ಷಣದಿಂದ ನಾಲಿಗೆ ತಿರುಗುತ್ತದೆ. ಅಲ್ಲಿ ಊರಿನ ಗಂಜಿ, ಊರಿನ ಕೋಲ, ಶಂಕರಪುರದ ಮಲ್ಲಿಗೆ ಎಂದು ಕಣ್ಣೀರು ಹಾಕಿದವ ಇಲ್ಲಿ ಹೆದ್ದಾರಿಯ ಹೊಂಡ ಕಂಡು, "ದುಬೈಯಲ್ಲಾದ್ರೆ..." ಎಂದು ಬಾಯಿ ತೆರೆಯುತ್ತಾನೆ. ಮಣಿಪಾಲದಲ್ಲಿ ಮೊಮೊ ತಿನ್ನುವ ಮಲೇಷ್ಯಾದ ವಿದ್ಯಾರ್ಥಿಗಳನ್ನು ಕಂಡರೆ ಮಾತ್ರ ಅವನಿಗೆ ತನ್ನವರು ಎನಿಸುತ್ತದಂತೆ. ಒಬ್ಬನ ಹತ್ತಿರ ಹೋಗಿ, ಎಫ್‌ಆರ್‌ಆರ್‌ಒ ರಿಜಿಸ್ಟ್ರೇಶನ್ ಆಯಿತಾ ಎಂದು ವಿಚಾರಿಸಿ ಬಂದಿದ್ದಾನೆ.

ಈ ಸಲ ಬಂದದ್ದು ಕಾಪುವಿನ ಹತ್ತಿರದ ಹಳ್ಳಿಯ ಜಾಗದ 9/11 ಮಾಡಿಸಲು. ಅಮೆರಿಕದವರಿಗೆ ಅದರ ಅರ್ಥ ಬೇರೆ. ನಮ್ಮಲ್ಲಿ ಪಂಚಾಯತಿನಿಂದ ನಮೂನೆ 9 ಮತ್ತು 11 ಸಿಗದೆ ಮನೆ ಕಟ್ಟಲೂ ಮಾರಲೂ ಸಾಲ ಎತ್ತಲೂ ಆಗುವುದಿಲ್ಲ. ಎಮಿರೇಟ್ಸ್ ಐಡಿಯನ್ನು ಮಾತಲ್ಲೇ ಮಾಡಿಸಿಕೊಡುವವ ಬೆಳಿಗ್ಗೆ ಒಂಬತ್ತೂವರೆಗೆ ಫೈಲು ಹಿಡಿದು ಪಂಚಾಯತಿಗೆ ಹೊರಟ. ಜೊತೆಗೆ ಭಾವ, ಅತ್ತಿಗೆಯ ತಮ್ಮ. ಊರಲ್ಲೇ ಉಳಿದು, ಪೇಟೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟವ.

"ಭಾವ, ನೀವು ಮಾತಾಡ್ಬೇಡಿ. ನಾನು ಮಾತಾಡ್ತೇನೆ," ಎಂದ ಭಾವ. "ಕೂಲಿಂಗ್ ಗ್ಲಾಸ್ ತೆಗೀರಿ. ಮತ್ತೆ ಆ ಸೆಂಟು ಹಾಕಿದ್ದು ಯಾಕೆ, ರೇಟು ಜಾಸ್ತಿಯಾಗ್ತದೆ."

ಫೈಲಿನಲ್ಲಿದ್ದ ಪಾಸ್‌ಬುಕ್ಕು ಸಿಂಡಿಕೇಟ್ ಬ್ಯಾಂಕಿನದು, ಅಣ್ಣನ ಅಮ್ಮ ಪಿಗ್ಮಿ ಕಟ್ಟಿ ತೆರೆದ ಖಾತೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿತ್ತು. ಅಣ್ಣ ಇನ್ನೂ ಸೇರಿರಲಿಲ್ಲ. ಸರಿ, ಅದು ಆಮೇಲೆ ಎಂದಾಯಿತು. ಕಂಪ್ಯೂಟರಿನ ಎದುರಿದ್ದ ಹುಡುಗಿ ಆಧಾರ್ ನಂಬರು ಹೊಡೆದು, "ಒಟಿಪಿ ಹೇಳಿ" ಎಂದಳು.

ಒಟಿಪಿ ಹೋದದ್ದು ಅಣ್ಣನ ಹಳೆಯ ಊರ ಸಿಮ್ಮಿಗೆ. ರೀಚಾರ್ಜ್ ಇಲ್ಲದೆ ಸತ್ತ ಆ ನಂಬರು ಬೇರೆ ಯಾರಿಗೋ ಮರುಜನ್ಮ ಪಡೆದಿತ್ತು. ಅಣ್ಣ ತನ್ನದೇ ನಂಬರಿಗೆ ಫೋನು ಮಾಡಿದ. ಎತ್ತಿದವ ಬಾಗಲಕೋಟೆಯ ಕಡೆಯವ.

"ನಮಸ್ಕಾರ, ನಿಮಗೀಗ ಒಂದು ಒಟಿಪಿ ಬಂದಿರ್ಬಹುದು..."

"ಬಂದೈತಿ. ಅದನ್ನ ಹೇಳಿದ್ರ ನನ್ನ ಅಕೌಂಟ್ ಖಾಲಿ ಮಾಡಾವ ನೀ. ಮುಂಜಾನಿಂದ ನೀ ಮೂರನೇದಾವ."

"ಅಲ್ಲ ಮಾರ್ರೆ, ನಾನು ಕಾಪುವಿನವ, ದುಬೈಯಲ್ಲಿರುವುದು..."

"ಹೋದ ತಿಂಗಳ ಒಬ್ಬಾವ ಲಂಡನ್ನಿನಾಂವ ಅಂತ ಮಾಡಿದ್ದ. ಇಡಲೇ ಫೋನ್!"

ಸರತಿಯಲ್ಲಿ ಹಿಂದೆ ನಿಂತವರು ಗಂಟಲು ಸರಿಮಾಡಿಕೊಂಡರು. ಭಾವ ಅಣ್ಣನ ತೋಳು ಹಿಡಿದು ಬೆಂಚಿನಲ್ಲಿ ಕೂರಿಸಿ, ಒಂದು ಕಾಗದ ತೆಗೆದು ಬರೆಯಲು ಶುರುಮಾಡಿದ: ಮೊದಲು ಹೊಸ ಸಿಮ್ಮು, ಮತ್ತೆ ಆಧಾರ್ ಸೆಂಟರು, ಬೆಳಿಗ್ಗೆ ಬೇಗ ಹೋಗಿ ಟೋಕನ್ ತೆಗೆಯಬೇಕು, ಆಮೇಲೆ ಬ್ಯಾಂಕು. "ಗಾಬರಿ ಆಗ್ಬೇಡಿ ಭಾವ, ಹೊಸತರಲ್ಲಿ ಎಲ್ಲರಿಗೂ ಹೀಗೇ."

ರಾತ್ರಿ ಊಟಕ್ಕೆ ಕೂತಿರುವಾಗ ಫೋನು ಬಂತು. ಪರದೆಯ ಮೇಲೆ ಅವನದೇ ಹಳೇ ನಂಬರು.

"ಸರ, ನೀವು ಖರೇನ ದುಬೈದವ್ರೇನ್ರಿ? ಅಲ್ಲ, ನಮ್ಮ ಅಕ್ಕನ ಮಗ ಒಬ್ಬಾವ ಐಟಿಐ ಮುಗಿಸ್ಯಾನ..."

ಅಣ್ಣ ಕೈ ತೊಳೆಯಲೂ ಏಳಲಿಲ್ಲ. "ಪಾಸ್‌ಪೋರ್ಟ್ ಉಂಟಾ? ಇಸಿಆರ್ ಇದ್ದದ್ದಾ, ಇಲ್ಲದ್ದಾ? ಫಿಟ್ಟರಾ, ಎಲೆಕ್ಟ್ರಿಷಿಯನ್ನಾ? ಅವನ ತಾಯಿಗೆ ಫೋನ್ ಕೊಡಿ." ಮುಕ್ಕಾಲು ಗಂಟೆ ಮಾತಾಯಿತು. ಮೀನುಸಾರು ತಣಿಯಿತು. ಒಟಿಪಿ ಕೇಳುವುದು ಮರೆತೇ ಹೋಯಿತು. ಅದರ ಅವಧಿ ಹೇಗೂ ಬೆಳಿಗ್ಗೆಯೇ ಮುಗಿದಿತ್ತು.