ಹುಟ್ಟುಸಂಶಯಿಗಳ ಭೇದನಿರ್ಣಯ

ಯಾವ ಪದಾರ್ಥವನ್ನೇ ಆಗಲಿ ಮೊದಲು ಹೆಸರಿಸಬೇಕು, ಆಮೇಲೆ ಲಕ್ಷಣ ಹೇಳಬೇಕು, ಕೊನೆಗೆ ಆ ಲಕ್ಷಣ ನಿಲ್ಲುತ್ತದೋ ಬೀಳುತ್ತದೋ ಪರೀಕ್ಷಿಸಬೇಕು ಎಂಬುದು ನೈಯಾಯಿಕರ ಕಟ್ಟಪ್ಪಣೆ. ಅದರಂತೆ ಹೆಸರು ಹೇಳಿಬಿಡುತ್ತೇನೆ: ಸಹಜ ಪ್ರತಿಕಾಯಗಳು ಮತ್ತು ಕಾಂಪ್ಲಿಮೆಂಟ್. ತೊಡಕು ಶುರುವಾಗುವುದು ಲಕ್ಷಣದಲ್ಲಿ. ರೋಗನಿರೋಧಕ ಶಕ್ತಿಗೆ ಪಠ್ಯಪುಸ್ತಕಗಳು ಎರಡೇ ಗೋತ್ರ ಹೇಳುತ್ತವೆ, ಹುಟ್ಟಿನಿಂದ ಬಂದದ್ದು ಮತ್ತು ಗಳಿಸಿಕೊಂಡದ್ದು. ಪ್ರತಿಕಾಯಗಳಿಗೆ ಗಳಿಸಿದವರ ಪಂಕ್ತಿಯಲ್ಲಿ ಮೊದಲ ಎಲೆ. ಹಾಗಿದ್ದ ಮೇಲೆ ರೋಗಾಣುವಿನ ಮುಖವನ್ನೇ ಕಂಡಿರದ ರಕ್ತದಲ್ಲೂ ಅವು ಓಡಾಡಿಕೊಂಡಿರುವುದಕ್ಕೆ ಸಮಾಧಾನವೇನು?

ಪ್ರಥಮ ಭೇದ, ಹುಟ್ಟುಸಂಶಯಿ. ಇದರ ಜಾತಿ ಐಜಿಎಂ, ತವರು ಬಿ-1 ಎಂಬ ಜೀವಕೋಶ. ಐದು ಘಟಕ ಸೇರಿ ಒಂದು ಅಣು, ಹಿಡಿಯಲು ಹತ್ತು ಕೈ. ಒಂದೊಂದು ಕೈಯ ಹಿಡಿತವೂ ಸಡಿಲ. ಆದರೆ ವೈರಸ್ಸಿನ ಮೈಮೇಲೆ ಒಂದೇ ಪ್ರೋಟೀನು ಸಾಲುಸಾಲಾಗಿ ಕೂತಿರುವುದರಿಂದ ಹಲವು ಕೈ ಒಟ್ಟಿಗೆ ಬಿದ್ದಾಗ ಬಿಡಿಸಿಕೊಳ್ಳುವುದು ಕಷ್ಟ. ಮದುವೆಮನೆಯ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ‘ನೀವು ಯಾರ ಪೈಕಿ?’ ಎಂದು ಕೇಳುವ ಅಜ್ಜನ ಸ್ವಭಾವ ಇದರದು: ಯಾರ ಗುರುತೂ ಸರಿಯಾಗಿಲ್ಲ, ಎಲ್ಲರ ಮೇಲೂ ಅಷ್ಟಿಷ್ಟು ಅನುಮಾನ.

ಪರೀಕ್ಷೆ: ಒಂದೂ ಸೂಕ್ಷ್ಮಜೀವಿ ಸೋಕದಂತೆ ಸಾಕಿದ ಇಲಿಗಳಲ್ಲೂ ಐಜಿಎಂ ಹೆಚ್ಚುಕಡಿಮೆ ಮಾಮೂಲಿನಷ್ಟೇ ಇರುತ್ತದೆ. ಇದ್ದು ಏನು ಪ್ರಯೋಜನ ಎನ್ನುವವರಿಗೆ 1999ರಲ್ಲಿ ಜ್ಯೂರಿಕ್‌ನ ಸಂಶೋಧಕರು ಉತ್ತರ ಕೊಟ್ಟರು. ವೈರಸ್ ಸೋಂಕು ತಗುಲಿಸಿದಾಗ, ಪ್ರತಿಕಾಯವೇ ಇಲ್ಲದ ಇಲಿಗಳ ಅಂಗಾಂಗಗಳಲ್ಲಿ ಅದರ ಪ್ರಮಾಣ 10ರಿಂದ 100 ಪಟ್ಟು ಹೆಚ್ಚಿತ್ತು. ಸಹಜ ಪ್ರತಿಕಾಯ ಇದ್ದ ಇಲಿಗಳಲ್ಲಿ ವೈರಸ್ ಗುಲ್ಮದಂಥ ಅಂಗಗಳಲ್ಲಿ ಸಿಕ್ಕಿಬಿದ್ದಿತ್ತು.

ದ್ವಿತೀಯ ಭೇದ, ಸಕ್ಕರೆದ್ವೇಷಿ. ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ್ದು ಇವುಗಳ ನೆರವಿನಿಂದಲೇ. ಎ ಗುಂಪಿನವರಲ್ಲಿ ರಕ್ತಕಣದ ಮೇಲಿನ ಬಿ ಸಕ್ಕರೆಯ ವಿರುದ್ಧ, ಬಿ ಗುಂಪಿನವರಲ್ಲಿ ಎ ಸಕ್ಕರೆಯ ವಿರುದ್ಧ ಪ್ರತಿಕಾಯ. 1952ರಲ್ಲಿ ಮುಂಬಯಿಯಲ್ಲಿ ಪತ್ತೆಯಾದ ‘ಬಾಂಬೆ’ ಗುಂಪಿನವರಂತೂ ಓ ರಕ್ತವನ್ನೂ ಸಹಿಸುವುದಿಲ್ಲ. ಇದರ ಉಪಭೇದವೊಂದು ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ವೈರಿ. ಈ ಸಕ್ಕರೆ ಇಲಿಯಲ್ಲುಂಟು, ಹಂದಿಯಲ್ಲುಂಟು, ಮನುಷ್ಯನಲ್ಲಿಲ್ಲ. ನಮ್ಮ ಐಜಿಜಿ ಪ್ರತಿಕಾಯಗಳ ಸುಮಾರು ಶೇ. 1ರಷ್ಟು ಈ ಒಂದು ದ್ವೇಷಕ್ಕೇ ಮೀಸಲು.

ಸಕ್ಕರೆಗೂ ವೈರಸ್ಸಿಗೂ ಏನು ನಂಟು? ಹೊದಿಕೆಯುಳ್ಳ ವೈರಸ್, ತಾನು ಬೆಳೆದ ಜೀವಕೋಶದ ಪೊರೆಯನ್ನೇ ಹೊದ್ದು ಹೊರಬರುತ್ತದೆ, ಆ ಮನೆಯ ಸಕ್ಕರೆಯ ಸಮೇತ. ಇಲಿಯ ಕೋಶದಲ್ಲಿ ಬೆಳೆದ ರೆಟ್ರೊವೈರಸ್ಸನ್ನು ಮನುಷ್ಯನ ಸೀರಮ್‌ಗೆ ಹಾಕಿದರೆ ಚಿಂದಿಯಾಗುತ್ತದೆ. ಮನುಷ್ಯನ ಕೋಶದಲ್ಲಿ ಬೆಳೆದದ್ದು ಹಾಯಾಗಿ ತೇಲುತ್ತದೆ.

ಪೂರ್ವಪಕ್ಷ: ಈ ದ್ವೇಷ ಹುಟ್ಟಿನದಲ್ಲ, ಕರುಳಿನ ಬ್ಯಾಕ್ಟೀರಿಯಾಗಳ ಸಹವಾಸದಿಂದ ಬಂದದ್ದು, ಹಸುಗೂಸಿಗೆ ಎ, ಬಿ ವಿರುದ್ಧ ಸ್ವಂತ ಪ್ರತಿಕಾಯ ಮೂಡಲು ಕೆಲವು ತಿಂಗಳೇ ಬೇಕು. ನಿಜ. ಆದರೂ ವೈರಸ್ಸಿನ ಭೇಟಿಗೆ ಮುಂಚೆಯೇ ಇವು ತಯಾರಾಗಿ ಕೂತಿರುವುದರಿಂದ ಸಹಜ ಪ್ರತಿಕಾಯಗಳ ಪಂಕ್ತಿಯಿಂದ ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಕಾಂಪ್ಲಿಮೆಂಟ್, ರೋಗಾಣುಗಳನ್ನು ಕೊಲ್ಲುವ ರಕ್ತದ ಪ್ರೋಟೀನುಗಳ ಸಂಸಾರ. ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಪ್ರತಿಕಾಯ ಉಳಿಯುತ್ತದೆ, ಕೊಲ್ಲುವ ಕಸುವು ಹೋಗುತ್ತದೆ. ಈ ಇಬ್ಬಗೆಯನ್ನು 1890ರ ದಶಕದಲ್ಲಿ ತೋರಿಸಿದವನು ಬೆಲ್ಜಿಯಮ್ಮಿನ ಜೂಲ್ ಬೋರ್ಡೆ. ಈ ಸಂಸಾರದ ಸದಸ್ಯರನ್ನು ಎಣಿಸುವ ಕ್ರಮ ನೋಡಿದರೆ ವರ್ಗೀಕರಣದ ಮೇಲಿನ ಗೌರವವೇ ಹೋಗುತ್ತದೆ: ಸಿ1, ಸಿ4, ಸಿ2, ಸಿ3, ಆಮೇಲೆ ಸಿ5. ಸಿಕ್ಕಿದ ಕ್ರಮದಲ್ಲಿ ಅಂಕಿ ಹಾಕಿದ್ದರಿಂದ ನಾಲ್ಕು ಎರಡಕ್ಕಿಂತ ಮುಂದೆ ಬಂದಿದೆ. ಯಾರೂ ತಿದ್ದಲಿಲ್ಲ.

ಕೆಲಸ ಮಾತ್ರ ನೋಡುವಂಥದ್ದು. ರಕ್ತದಲ್ಲಿ ತೇಲುವ ಐಜಿಎಂ ಚಪ್ಪಟೆ ನಕ್ಷತ್ರದ ಆಕಾರ. ವೈರಸ್ಸಿಗೆ ಅಂಟಿದೊಡನೆ ಕೈಗಳು ಕೆಳಗೆ ಬಾಗಿ ನಡು ಮೇಲೇಳುತ್ತದೆ, ಅಲ್ಲಿಯವರೆಗೆ ಮರೆಯಲ್ಲಿದ್ದ ಜಾಗ ತೆರೆಯುತ್ತದೆ. ಅಲ್ಲಿ ಆರು ತಲೆಯ ಸಿ1ಕ್ಯು ಬಂದು ಕೂರುತ್ತದೆ. ಅಂಟಿದ ಐಜಿಎಂ ಒಂದೇ ಇದ್ದರೂ ಸಾಕು. ಐಜಿಜಿಯಾದರೆ ಹತ್ತಿರ ಹತ್ತಿರ ಹಲವು ಬೇಕು. ಅಲ್ಲಿಂದ ಸರಪಳಿ ಹೊತ್ತಿಕೊಂಡು ಸಿ3ಯ ತುಂಡುಗಳು ವೈರಸ್ಸಿನ ಮೈತುಂಬ ಕಚ್ಚಿಕೊಳ್ಳುತ್ತವೆ, ಭಕ್ಷಕ ಕೋಶಗಳು ಅದನ್ನು ನುಂಗುತ್ತವೆ. ಹೊದಿಕೆ ಇದ್ದರೆ ಕೊನೆಗೆ ಸಿ9 ಉಂಗುರವಾಗಿ ಸೇರಿ ಸುಮಾರು 10 ನ್ಯಾನೋಮೀಟರ್ ಅಗಲದ ತೂತು ಕೊರೆಯುತ್ತದೆ.

ಕಾಂಪ್ಲಿಮೆಂಟನ್ನು ಎದುರಿಸುವ ವೈರಸ್ಸುಗಳಲ್ಲೂ ಭೇದಗಳುಂಟು, ಚುಟುಕಾಗಿ ಹೇಳುತ್ತೇನೆ. ವೇಷಧಾರಿ: ಎಚ್‌ಐವಿ, ನಮ್ಮ ಕೋಶಗಳು ಕಾಂಪ್ಲಿಮೆಂಟ್ ತಡೆಯಲು ಇಟ್ಟುಕೊಂಡ ಸಿಡಿ55, ಸಿಡಿ59 ಪ್ರೋಟೀನುಗಳನ್ನೇ ಹೊದ್ದುಕೊಳ್ಳುತ್ತದೆ. ನಕಲಿಗಾರ: ಸಿಡುಬಿನ ಬಳಗದ ವೈರಸ್ಸುಗಳು, ಅಂಥದೇ ಪ್ರೋಟೀನನ್ನು ತಾವೇ ತಯಾರಿಸುತ್ತವೆ. ಉದ್ಧಟ: ದಡಾರದ ಲಸಿಕೆ ತಳಿ, ಸಿಡಿ46 ಎಂಬ ತಡೆಗಾರನನ್ನೇ ಹಿಡಿದು ಕೋಶದೊಳಕ್ಕೆ ನುಗ್ಗುತ್ತದೆ.

ಗೋತ್ರಕಲಹದ ಪ್ರಸಂಗವೊಂದು ಉಳಿದಿದೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಲೂಯಿ ಪಿಲೆಮರ್ 1954ರಲ್ಲಿ, ಪ್ರತಿಕಾಯದ ಹಂಗಿಲ್ಲದೆಯೂ ಕಾಂಪ್ಲಿಮೆಂಟ್ ಏಳಬಲ್ಲದು, ಅದಕ್ಕೆ ಪ್ರಾಪರ್ಡಿನ್ ಎಂಬ ಪ್ರೋಟೀನು ಬೇಕು ಎಂದ. ನೀನು ಕಂಡದ್ದು ಬರೀ ಸಹಜ ಪ್ರತಿಕಾಯ ಎಂದು ಟೀಕಾಕಾರರು ತಳ್ಳಿಹಾಕಿದರು. 1957ರಲ್ಲಿ ಆತ ತೀರಿಕೊಂಡ. ಆತ ಹೇಳಿದ ದಾರಿ ಇದ್ದದ್ದೇ ಎಂದು 1970ರ ದಶಕದ ಹೊತ್ತಿಗೆ ಸಾಬೀತಾಯಿತು.

ನನ್ನ ನಿರ್ಣಯ: ಸಹಜ ಪ್ರತಿಕಾಯ ಹುಟ್ಟಿನ ಗೋತ್ರದ್ದೂ ಅಲ್ಲ, ಗಳಿಕೆಯದೂ ಅಲ್ಲ, ಅದಕ್ಕೆ ಮೂರನೆಯ ಎಲೆ ಹಾಕಬೇಕು. ಪರೀಕ್ಷೆಗೆ ಕೂರುವ ಮಕ್ಕಳು ಮಾತ್ರ ಎರಡೇ ಗೋತ್ರ ಎಂದು ಬರೆದು ಅಂಕ ತೆಗೆದುಕೊಳ್ಳಿ.